ಲಜಾರ್ ಮಿಷೊ ಅವರ ಕಂಚಿನೆತ್ತುಗಳು

ಪ್ಯಾರಿಸ್, ೧೨ ಅಕ್ಟೋಬರ್ ೧೮೮೬

ಮಾನ್ಯ ಲಜಾರ್ ಮಿಷೊ ಅವರಿಗೆ,

ನನ್ನ ನೆನಪು ನಿಮಗಿದೆಯೋ ಇಲ್ಲವೋ. ಹೋದ ವರ್ಷದ ಬೇಸಗೆಯಲ್ಲಿ ನಿಮ್ಮ ಅಟ್ಟದ ಹುಲ್ಲಿನ ಮೇಲೆ ಮಲಗಿ, ನಿಮ್ಮ ಮನೆಯ ಕೋಸಿನ ಸೂಪು ಕುಡಿದು, ಹಗಲೆಲ್ಲ ಮೈಕೈಗೆ ಜೇಡಿಮಣ್ಣು ಮೆತ್ತಿಕೊಂಡು ನಿಮ್ಮ ಎತ್ತುಗಳ ಸುತ್ತ ಸುತ್ತುತ್ತಿದ್ದ ಪ್ಯಾರಿಸಿನ ದಪ್ಪ ಶಿಲ್ಪಿ ನಾನು. "ಈ ವಯಸ್ಸಲ್ಲಿ ಮಣ್ಣಾಡ್ತೀರಲ್ಲ, ಮನೇಲಿ ಬೈಯೋರು ಯಾರೂ ಇಲ್ವಾ?" ಎಂದು ನೀವು ಕೇಳಿದ್ದಿರಿ. ಯಾರೂ ಇಲ್ಲ, ಅದಕ್ಕೇ ಇನ್ನೂ ಆಡುತ್ತಿದ್ದೇನೆ.

ಹೊರಡುವ ದಿನ ಕೊಟ್ಟ ಮಾತನ್ನು ನಾನು ಮರೆತಿಲ್ಲ. ಕಂಚಿನಲ್ಲಿ ಎರಕ ಹೊಯ್ದ ಮೊದಲ ಪ್ರತಿ ನಿಮ್ಮದು. ಈ ವಾರ ಪೆಟ್ಟಿಗೆ ರೈಲು ಹತ್ತುತ್ತದೆ, ಓತಂ ನಿಲ್ದಾಣದಿಂದ ನೀವು ಗಾಡಿಯಲ್ಲಿ ತರಿಸಿಕೊಳ್ಳಬೇಕು. ಭಾರವಿದೆ, ಇಬ್ಬರು ಆಳು ಬೇಕು.

ನಿಮ್ಮ ಅಂಗಳದಲ್ಲಿ ನಾನು ಒಂದೊಂದು ಎತ್ತನ್ನೂ ಬೇರೆಬೇರೆ ದಿನ ನಿಲ್ಲಿಸಿ ಮಾಡಿದ್ದು ನಿಮಗೆ ಗೊತ್ತು. ಅವೆರಡನ್ನೂ ಜೊತೆಗೂಡಿಸಿದ್ದು ಇಲ್ಲಿ, ನನ್ನ ಕಾರ್ಯಶಾಲೆಯಲ್ಲಿ. ನೊಗ ಬಿಚ್ಚಿದ ಮೇಲೆ ಅಕ್ಕಪಕ್ಕ ನಿಂತು ಒಂದರ ಮುಖವನ್ನು ಇನ್ನೊಂದು ನೋಡುತ್ತಿರುವ ಹಾಗೆ ಕೂಡಿಸಿದ್ದೇನೆ. ನಲವತ್ತು ವರ್ಷ ಹುಲಿ, ಸಿಂಹ, ಬೇಟೆನಾಯಿ ಎಲ್ಲ ಮಾಡಿ ಸಾಕಾದವನಿಗೆ ಇದೊಂದು ಮನಸ್ಸಿಗೆ ಹಿಡಿಸಿದ ಕೆಲಸ. ಎತ್ತುಗಳಿಗೂ, ಮಾರ್ಜೊಲೆಗೂ ಫ್ರೀಜೆಗೂ, ನನ್ನ ನಮಸ್ಕಾರ ಹೇಳಿ. ಅವರಿಬ್ಬರ ಹೆಸರು ಪ್ಯಾರಿಸಿನವರೆಗೂ ಬಂದಿದೆ ಎಂದು ತಿಳಿಸಿ.

ನಿಮ್ಮ,
ಅನ್ಸೆಲ್ಮ್ ತೆಸಿಯೆ

*

ಲೆ ಫುಜೆರ್, ಮೊರ್ವಾ, ೨೪ ಅಕ್ಟೋಬರ್ ೧೮೮೬

ಶಿಲ್ಪಿ ತೆಸಿಯೆ ಅವರಿಗೆ,

ನೀವು ಅಪ್ಪನಿಗೆ ಬರೆದ ಪತ್ರವನ್ನು ನಾನು ಒಡೆದು ಓದಿದೆ. ಅವರ ಮಗಳು ಸಿದೊನಿ ನಾನು. ನೀವು ಇಲ್ಲಿದ್ದಾಗ ನಾನು ಲಿಯೋಂ ಪಟ್ಟಣದಲ್ಲಿ ರೇಷ್ಮೆ ಮಗ್ಗದ ಮುಂದೆ ಕೂತಿದ್ದೆ, ಹಾಗಾಗಿ ನನ್ನನ್ನು ನೀವು ನೋಡಿಲ್ಲ. ಈ ಜನವರಿಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಎಡಗೈ ಚೆನ್ನಾಗಿದೆ, ಚಮಚ ಹಿಡಿಯುತ್ತಾರೆ, ಸಿಟ್ಟು ಬಂದರೆ ಎಸೆಯುತ್ತಾರೆ. ಇಪ್ಪತ್ತು ವರ್ಷ ಪಟ್ಟಣದಲ್ಲಿದ್ದವಳು ಒಂದು ದಿನದಲ್ಲಿ ಹಳ್ಳಿಯವಳಾಗಿದ್ದೇನೆ.

ನಿಮ್ಮ ಪತ್ರವನ್ನು ಅವರಿಗೆ ಜೋರಾಗಿ ಓದಿ ಹೇಳಿದೆ. "ಮಣ್ಣಾಡ್ತೀರಲ್ಲ" ಎಂಬಲ್ಲಿ ಬಾಯಿಯ ಒಂದು ಕಡೆ ನಕ್ಕಿತು. ಎತ್ತುಗಳ ಹೆಸರು ಬಂದಾಗ ಕಣ್ಣು ಮುಚ್ಚಿಕೊಂಡರು.

ಪೆಟ್ಟಿಗೆ ಇನ್ನೂ ಬಂದಿಲ್ಲ. ಬಂದ ಕೂಡಲೇ ತರಿಸುತ್ತೇನೆ. ನಿಮ್ಮ ನಮಸ್ಕಾರವನ್ನು ಎತ್ತುಗಳಿಗೂ ತಲುಪಿಸುತ್ತೇನೆ. ಪೆಟ್ಟಿಗೆ ಬೇಗ ಬಂದರೆ ನನಗೆ ದೊಡ್ಡ ಉಪಕಾರ. ಯಾಕೆಂದು ಕೇಳಬೇಡಿ, ಈ ಮನೆಯಲ್ಲಿ ಒಂದು ಒಳ್ಳೆಯ ವಸ್ತು ಬರಬೇಕಾಗಿದೆ.

ಸಿದೊನಿ ಮಿಷೊ

*

ಪ್ಯಾರಿಸ್, ೨ ನವೆಂಬರ್ ೧೮೮೬

ಮಾದ್ಮೊಜೆಲ್ ಸಿದೊನಿ,

ನಿಮ್ಮ ಪತ್ರ ಓದಿ ಕೈಯಲ್ಲಿದ್ದ ಕೆಲಸ ಇಟ್ಟುಬಿಟ್ಟೆ. ಕೋಲು ಊರದೆ ಬೆಟ್ಟ ಹತ್ತುತ್ತಿದ್ದ ಮನುಷ್ಯ ಅವರು. ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದವನು ನಾನು. ಅವರಿಗೆ ಹೀಗಾಯಿತು ಎಂದರೆ ನಂಬುವುದು ಕಷ್ಟ.

ಕಂಚು ಬಂದ ಮೇಲೆ ಕಿಟಕಿಯ ಬೆಳಕು ಓರೆಯಾಗಿ ಬೀಳುವಲ್ಲಿ ಇಡಿ. ದಯವಿಟ್ಟು ಬೂದಿ ಹಚ್ಚಿ ತಿಕ್ಕಬೇಡಿ. ಆ ಕಂದು ಬಣ್ಣ ಕೊಳೆಯಲ್ಲ. ಬೆಂಕಿ ಮತ್ತು ಔಷಧಿ ಹಾಕಿ ನಾವು ದಿನಗಟ್ಟಲೆ ಬರಿಸಿದ ಬಣ್ಣ. ಊರಿನ ಕಡೆ ಒಬ್ಬ ಹೆಂಗಸು ನನ್ನ ಕಂಚಿನ ನರಿಯನ್ನು ಉಜ್ಜಿ ಉಜ್ಜಿ ತಾಮ್ರದ ಹಂಡೆ ಮಾಡಿಟ್ಟಿದ್ದಳು. ಮೆತ್ತಗಿನ ಬಟ್ಟೆಯಿಂದ ಒರೆಸಿದರೆ ಸಾಕು.

ಇನ್ನೊಂದು ಸಂತೋಷದ ಸಂಗತಿ ತಂದೆಯವರಿಗೆ ಹೇಳಿ. ಮೇ ತಿಂಗಳ ಸಲೋನ್ ಪ್ರದರ್ಶನದಲ್ಲಿ ಇದರ ಗಾರೆಯ ಪ್ರತಿ ಇಟ್ಟಿದ್ದೆವು. ಜನ ಗುಂಪುಗೂಡಿ ನೋಡಿದರು. ದಾರಿ ಬಿಡಿ ಎನ್ನಬೇಕಾಯಿತು.

ತೆಸಿಯೆ

*

ಲೆ ಫುಜೆರ್, ೨೦ ನವೆಂಬರ್ ೧೮೮೬

ತೆಸಿಯೆ ಅವರಿಗೆ,

ಪೆಟ್ಟಿಗೆ ಬಂತು. ಗಾಡಿಯವನೂ ನಾನೂ ಸೇರಿ ಇಳಿಸಿದೆವು. ಒಳಗಿನ ಹುಲ್ಲು ಕಿತ್ತಾಗ ಎತ್ತುಗಳ ಮುಖ ಕಂಡಿತು. ಫ್ರೀಜೆಯ ಹಣೆಯ ಗುಂಗುರು ಕೂದಲು, ಮಾರ್ಜೊಲೆಯ ಜೋಲು ಕೊಂಬು, ಎಲ್ಲ ಹಾಗೇ ಇದೆ. ನಿಮ್ಮ ಕೈಗೆ ದೇವರು ಒಳ್ಳೆಯದು ಮಾಡಲಿ.

ಅಪ್ಪನ ಹಾಸಿಗೆಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ಕಂಚನ್ನು ಇಟ್ಟು, "ನೋಡಪ್ಪ, ಯಾರು ಬಂದಿದಾರೆ" ಎಂದೆ. ಮೊದಲು ಮುಖ ಅರಳಿತು. ಎಡಗೈ ಚಾಚಿ ಫ್ರೀಜೆಯ ಹಣೆ ಮುಟ್ಟಿದರು, ಮಾರ್ಜೊಲೆಯ ಬೆನ್ನು ಮುಟ್ಟಿದರು. ಆಮೇಲೆ ಒಮ್ಮೆಲೇ ಏನಾಯಿತೋ. ಎರಡರ ನಡುವೆ ಕೈ ತೂರಿಸಿ ತಳ್ಳತೊಡಗಿದರು. ಗಂಟಲಿನಿಂದ ಒಂದು ದನಿ ಬಂತು, ಅಂಥ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ. "ಯಾಕಪ್ಪ, ಏನಾಯ್ತು" ಎಂದರೆ ಮುಷ್ಟಿ ಕಟ್ಟಿ ಹಲಗೆಗೆ ಗುದ್ದಿದರು. ಕಣ್ಣಲ್ಲಿ ನೀರು. ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ನಾನು ಪಕ್ಕದಲ್ಲಿ ಕೂತಾಗಲೆಲ್ಲ ಅವರು ಗೋಡೆಗೇ ತಿರುಗುತ್ತಾರೆ, ಅದು ಹೊಸದಲ್ಲ. ಆದರೆ ಈ ಸಲ ನಿಮ್ಮ ಕೆಲಸದಿಂದಲೂ ಮುಖ ತಿರುಗಿಸಿದರು. ಅವರಿಗೆ ಇದು ಬೇಡವೆಂದು ಕಾಣುತ್ತದೆ. ವಾಪಸು ಕಳಿಸಲೇ?

ಸಿದೊನಿ

*

ಪ್ಯಾರಿಸ್, ೨೫ ನವೆಂಬರ್ ೧೮೮೬

ಮಾದ್ಮೊಜೆಲ್,

ಕೊಟ್ಟ ಉಡುಗೊರೆಯನ್ನು ನಾನು ಹಿಂದಕ್ಕೆ ಪಡೆಯುವವನಲ್ಲ. ತಂದೆಯವರು ಅಂಗಳದಲ್ಲಿ ನಿಂತು ನೋಡಿದ್ದಾರೆ, ಒಂದೊಂದು ಪಕ್ಕೆಲುಬನ್ನೂ ನಾನು ಬೆರಳಿನಿಂದ ಎಣಿಸಿ ಮಾಡಿದ್ದೇನೆ. ಪ್ರಾಣಿಸಂಗ್ರಹಾಲಯದಲ್ಲಿ ಸತ್ತ ಪ್ರಾಣಿಗಳನ್ನು ಕೊಯ್ಯುವಾಗ ಮೂಗು ಮುಚ್ಚಿಕೊಂಡು ನಿಂತು ಕಲಿತ ವಿದ್ಯೆ ಇದು. ನನ್ನ ಎತ್ತುಗಳಲ್ಲಿ ತಪ್ಪು ಹುಡುಕುವವರು ಪ್ಯಾರಿಸಿನಲ್ಲಿ ಇಲ್ಲ. ಸಲೋನಿನ ತೀರ್ಪುಗಾರರೇ ಮೆಚ್ಚಿದ ಮೇಲೆ ಮಿಷೊ ಅವರಿಗೆ ಇದು ಹಿಡಿಸಲಿಲ್ಲವೆಂದರೆ ನಾನು ಏನು ಮಾಡಲಿ?

ಬೇಡವಾಗಿದ್ದರೆ ನಿಮ್ಮ ಊರ ಚರ್ಚಿಗೆ ಕೊಡಿ. ಕ್ರಿಸ್ಮಸ್ಸಿನಲ್ಲಿ ಗೋದಲಿಯ ಪಕ್ಕ ಇಡಲು ಬಂದೀತು.

ಎ. ತೆಸಿಯೆ

*

ಲೆ ಫುಜೆರ್, ೧೮ ಡಿಸೆಂಬರ್ ೧೮೮೬

ತೆಸಿಯೆ ಅವರಿಗೆ,

ನಿಮ್ಮ ಪತ್ರ ಓದಿದ ದಿನ ನನಗೂ ಸಿಟ್ಟು ಬಂತು. ಉತ್ತರ ಬರೆದೆ, ಒಲೆಗೆ ಹಾಕಿದೆ. ಇನ್ನೊಂದು ಬರೆದೆ, ಅದನ್ನೂ ಹಾಕಿದೆ. ಈಗ ಸಿಟ್ಟು ಇಳಿದಿದೆ. ತಪ್ಪು ನಿಮ್ಮದಲ್ಲ, ಅದನ್ನು ಹೇಳದೆ ನಿಮ್ಮನ್ನು ನೋಯಿಸಿದೆ.

ಎತ್ತುಗಳು ಇಲ್ಲ. ನಿಮ್ಮ ನಮಸ್ಕಾರವನ್ನು ತಲುಪಿಸುತ್ತೇನೆಂದು ಬರೆದೆನಲ್ಲ, ಆಗಲೇ ಇರಲಿಲ್ಲ.

ಅಪ್ಪ ಬಿದ್ದ ಮೇಲೆ ಪಕ್ಕದ ಹೊಲದವರು ಅವನ್ನು ತಮ್ಮ ಕೊಟ್ಟಿಗೆಗೆ ಕರೆದೊಯ್ದು ಉಳುಮೆ ಮಾಡಿಸುತ್ತಿದ್ದರು. ನನಗೆ ಎತ್ತಿನ ಕೆಲಸ ಏನೂ ಗೊತ್ತಿಲ್ಲ, ನನ್ನದು ನೂಲಿನ ಕೈ. ಏಪ್ರಿಲಿನಲ್ಲಿ ಮಾರ್ಜೊಲೆ ಇಬ್ಬನಿಯಲ್ಲಿ ತೊಯ್ದ ಎಳೆ ಹುಲ್ಲು ಮೇದು ಹೊಟ್ಟೆ ಉಬ್ಬರಿಸಿ ಸತ್ತಿತು. ಉಳಿದದ್ದು ಫ್ರೀಜೆ ಒಂದೇ. ಬೇರೆ ಎತ್ತಿನ ಜೊತೆ ಕಟ್ಟಿದರೆ ಮಲಗಿಬಿಡುತ್ತಿತ್ತು. ಹಗಲೂ ರಾತ್ರಿ ಕೂಗುತ್ತಿತ್ತು, ಮೇವು ಬಿಟ್ಟಿತ್ತು, ಕೊನೆಗೆ ನಮ್ಮ ಕೊಟ್ಟಿಗೆಗೇ ವಾಪಸು ತಂದು ಕಟ್ಟಿದರು. ಜೂನಿನಲ್ಲಿ ನಾನು ಕಟುಕನನ್ನು ಕರೆಸಿದೆ. ಅಪ್ಪನನ್ನು ಕೇಳಲಿಲ್ಲ. ಮಾತಾಡಲಾರದವರನ್ನು ಏನು ಕೇಳುವುದು ಎಂದುಕೊಂಡೆ. ಅವತ್ತು ಅವರನ್ನು ಕಿಟಕಿಯ ಬಳಿ ಕೂರಿಸಿದ್ದೆ ಎಂಬುದೇ ಮರೆತುಹೋಗಿತ್ತು. ಫ್ರೀಜೆ ಹಗ್ಗ ಹಿಡಿದವನ ಹಿಂದೆ ಸುಮ್ಮನೆ ಹೋಯಿತು. ತಿರುಗಿ ನೋಡಿದರೆ ಅಪ್ಪ ಗಾಜಿನಾಚೆಯಿಂದ ನೋಡುತ್ತಿದ್ದರು.

ಅವತ್ತಿನಿಂದ ನಾನು ಪಕ್ಕದಲ್ಲಿ ಕೂತು ಕೈ ಹಿಡಿದರೆ ಗೋಡೆ ನೋಡುತ್ತಾರೆ. ನಿಮ್ಮ ಕಂಚು ಬಂದರೆ ಅವರ ಎತ್ತುಗಳನ್ನು ಒಂದಿಷ್ಟಾದರೂ ತಿರುಗಿ ಕೊಟ್ಟ ಹಾಗಾಗುತ್ತದೆ ಎಂದು ಆಸೆಪಟ್ಟೆ. ಅವರಿಗೆ ಅದು ನನ್ನ ತಪ್ಪಿನ ಪಟ್ಟಿಯಂತೆ ಕಂಡಿತೇನೋ. ಈಗ ಬಟ್ಟೆ ಮುಚ್ಚಿ ಬೀರುವಿನೊಳಗೆ ಇಟ್ಟಿದ್ದೇನೆ.

ಅವರ ಬುದ್ಧಿಯೂ ಮಗುವಿನದಾಗುತ್ತಿದೆ. ಬೆಳಗ್ಗೆ ಒಲೆಯ ಮುಂದೆ ಕುರ್ಚಿಯಲ್ಲಿ ಕೂರಿಸಿದರೆ ಸಾಕು, ಅಲ್ಲಿ ಒಣಗಲು ಇಟ್ಟ ನನ್ನ ಮರದ ಮೆಟ್ಟುಗಳನ್ನು ಕೋಲಿನಿಂದ ಎಳೆದು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಡುತ್ತಾರೆ. ನಾನು ಸರಿ ಮಾಡಿಟ್ಟರೆ ಮತ್ತೆ ಅದೇ. ದಿನಾ ಇದೇ ಆಟ.

ಸಿದೊನಿ

*

ಪ್ಯಾರಿಸ್, ೨೬ ಡಿಸೆಂಬರ್ ೧೮೮೬

ಪ್ರಿಯ ಮಾದ್ಮೊಜೆಲ್ ಸಿದೊನಿ,

ನಾನು ಹಿಂದೆ ಬರೆದ ಪತ್ರವನ್ನು ನೀವೂ ಒಲೆಗೆ ಹಾಕಿ. ಗೋದಲಿಯ ಮಾತು ಬರೆದ ಕೈಗೆ ಎರಡು ಬಿಗಿಯಬೇಕು.

ನೀವು ನಿಜ ಹೇಳಿದಿರಿ, ನಾನೂ ಹೇಳುತ್ತೇನೆ. ಸಲೋನಿನಲ್ಲಿ ಯಾರೂ ಗುಂಪುಗೂಡಲಿಲ್ಲ. ನನ್ನ ಎತ್ತುಗಳನ್ನು ಒಬ್ಬ ಸೇನಾಪತಿಯ ಕುದುರೆಯ ಹಿಂದೆ ಇಟ್ಟಿದ್ದರು. ಮಳೆ ಬಂದ ದಿನ ಅದರ ಪೀಠಕ್ಕೆ ಜನ ಕೊಡೆ ಒರಗಿಸಿದರು. ಒಬ್ಬ ತೀರ್ಪುಗಾರ ಮಾತ್ರ ನಿಂತು, "ಪಾಪ, ನಿಶ್ಚಿತಾರ್ಥಕ್ಕೆ ನಿಂತ ಹುಡುಗ ಹುಡುಗಿ ಥರ ಇವೆ" ಎಂದು ನಕ್ಕು ಹೋದ. ಹಾಗಾಗಿ ಇದನ್ನು ಮೆಚ್ಚಬೇಕಾದ ಮನುಷ್ಯ ಜಗತ್ತಿನಲ್ಲಿ ಒಬ್ಬರೇ ಉಳಿದಿದ್ದರು. ಅವರೂ ಮುಖ ತಿರುಗಿಸಿದರೆಂದು ನೀವು ಬರೆದಾಗ ನನಗೆ ತಡೆಯಲಾಗಲಿಲ್ಲ.

ಫ್ರೀಜೆಯ ವಿಷಯದಲ್ಲಿ ನೀವು ಮಾಡಿದ್ದು ತಪ್ಪೆಂದು ನನಗನ್ನಿಸುವುದಿಲ್ಲ. ಆದರೆ ನನ್ನ ಅನ್ನಿಸಿಕೆಯಿಂದ ನಿಮಗೇನು ಸಮಾಧಾನ? ಅದನ್ನು ಹೇಳಬೇಕಾದವರು ಬೇರೆ. ಆ ಕಂಚು ಮನೆಯಲ್ಲಿದ್ದು ನಿಮ್ಮಿಬ್ಬರನ್ನೂ ಅಳಿಸುತ್ತದೆಂದರೆ ಕಳಿಸಿಕೊಡಿ. ಎರಕದ ಮನೆಯಲ್ಲಿ ಕರಗಿಸುವುದು ಸುಲಭ, ಮಾಡುವುದೇ ಕಷ್ಟ.

ಮೆಟ್ಟಿನ ಆಟ ಆಡಲಿ ಬಿಡಿ. ಒಂದು ಕೈಯವರು ಇನ್ನೇನು ಆಡಿಯಾರು?

ತೆಸಿಯೆ

*

ಲೆ ಫುಜೆರ್, ೧೫ ಜನವರಿ ೧೮೮೭

ತೆಸಿಯೆ ಅವರಿಗೆ,

ಪ್ಯಾರಿಸಿನಲ್ಲಿ ನಿಮ್ಮ ತಪ್ಪು ಹುಡುಕುವವರು ಇಲ್ಲವೆಂದು ಬರೆದಿದ್ದಿರಿ. ನಿಜ ಇರಬಹುದು. ಮೊರ್ವಾದಲ್ಲಿ ಒಬ್ಬರಿದ್ದಾರೆ.

ಮೊನ್ನೆ ಅಪ್ಪ ಅದಲುಬದಲು ಮಾಡಿಟ್ಟ ಮೆಟ್ಟುಗಳನ್ನು ಸರಿಮಾಡುವ ತಾಳ್ಮೆ ಇಲ್ಲದೆ ಹಾಗೇ ಕಾಲು ತೂರಿಸಿ ನೀರಿಗೆ ಹೋದೆ. ಬಾವಿಯ ಹತ್ತಿರ ಮಂಜುಗಟ್ಟಿತ್ತು. ಕೊಡದ ಸಮೇತ ಬಿದ್ದೆ. ಬಿದ್ದಲ್ಲೇ ಕೂತು ಕಾಲು ನೋಡಿಕೊಂಡರೆ ಎರಡು ಮೆಟ್ಟೂ ಒಂದರಿಂದ ಇನ್ನೊಂದು ಮುಖ ತಿರುಗಿಸಿ ಹೊರಗೆ ನೋಡುತ್ತಿವೆ. ನಗು ಬಂತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಎಂದು ಬಾಯಲ್ಲಿ ಅಂದುಕೊಂಡೆ. ಅಂದದ್ದೇ ತಡ, ನಗು ನಿಂತುಹೋಯಿತು.

ಒದ್ದೆ ಲಂಗದಲ್ಲೇ ಮನೆಗೆ ಓಡಿದೆ. ಬೀರುವಿನಿಂದ ಕಂಚನ್ನು ಎಳೆದು ಅಪ್ಪನ ಮುಂದೆ ಇಟ್ಟೆ. "ಅಪ್ಪಾ, ಇವನು ಈ ಕಡೆ ಇರಬೇಕಿತ್ತಾ? ಅವನು ಆ ಕಡೆನಾ?" ಎಂದೆ. ಅಪ್ಪ ಕಣ್ಣು ಮುಚ್ಚಿ ಉದ್ದ ಉಸಿರು ಬಿಟ್ಟರು. ಆಮೇಲೆ ಒಂದು ಕಡೆಯ ಬಾಯಿಂದ ನಕ್ಕರು. ಇಷ್ಟು ದಡ್ಡಿ ನನ್ನ ಹೊಟ್ಟೆಯಲ್ಲಿ ಹೇಗೆ ಹುಟ್ಟಿದಳು ಎನ್ನುವ ನಗು ಅದು. ಗುರುತು ಸಿಕ್ಕಿತು.

ನೀವು ಎತ್ತು ಕಟ್ಟಿದವರಲ್ಲ, ನಾನೂ ಅಲ್ಲ. ಪಕ್ಕದ ಹೊಲದವರನ್ನು ಕೇಳಿ ತಿಳಿದುಕೊಂಡೆ. ಮಾರ್ಜೊಲೆ ಎಡದ ಎತ್ತು, ಫ್ರೀಜೆ ಬಲದ್ದು. ಕರುವಾಗಿದ್ದಾಗ ಕಟ್ಟಿದ ಕಡೆಯನ್ನು ಸಾಯುವವರೆಗೂ ಬದಲಿಸುವುದಿಲ್ಲ. ನೊಗದಲ್ಲಿ ಮಾತ್ರವಲ್ಲ, ನೀರು ಕುಡಿಯುವಾಗ, ಕೊಟ್ಟಿಗೆಯಲ್ಲಿ ಮಲಗುವಾಗ ಕೂಡ ಅದೇ ಕಡೆ. ಕಡೆ ಬದಲಿಸಿ ಕಟ್ಟಿದವನನ್ನು ಊರವರು ವರ್ಷಗಟ್ಟಲೆ ಆಡಿಕೊಳ್ಳುತ್ತಾರಂತೆ. ನೀವು ಮಾರ್ಜೊಲೆಯನ್ನು ಬಲಕ್ಕೂ ಫ್ರೀಜೆಯನ್ನು ಎಡಕ್ಕೂ ನಿಲ್ಲಿಸಿದ್ದೀರಿ. ಅಪ್ಪ ಇಷ್ಟು ದಿನ ಅದನ್ನೇ ಹೇಳಲು ಒದ್ದಾಡುತ್ತಿದ್ದರು. ನಾನು ನನ್ನ ಪಾಪವನ್ನೇ ಎಣಿಸುತ್ತ ಕೂತಿದ್ದೆ.

ಇವನ್ನು ಬಿಚ್ಚಿ ಕಡೆ ಬದಲಿಸಲು ಬರುತ್ತದೆಯೇ? ದಯವಿಟ್ಟು ಹೇಳಿ.

ಸಿದೊನಿ

*

ಪ್ಯಾರಿಸ್, ೧೯ ಜನವರಿ ೧೮೮೭

ಮಾದ್ಮೊಜೆಲ್ ಸಿದೊನಿ,

ಬಿಚ್ಚಲು ಬರುತ್ತದೆ. ಬದಲಿಸಲು ಬರುವುದಿಲ್ಲ. ಒಂದರ ಕತ್ತು ಎಡಕ್ಕೆ ತಿರುಗಿದೆ, ಇನ್ನೊಂದರದು ಬಲಕ್ಕೆ. ಅವು ಮುಖಾಮುಖಿಯಾಗಲೆಂದೇ ನಾನು ಹಾಗೆ ನಿಲ್ಲಿಸಿದ್ದು. ಕಡೆ ಬದಲಿಸಿದರೆ ಎರಡೂ ಹೊರಗೆ ಮುಖ ಮಾಡುತ್ತವೆ, ಆಸ್ತಿ ಪಾಲಿಗೆ ಜಗಳವಾಡಿದ ಅಣ್ಣತಮ್ಮಂದಿರ ಹಾಗೆ. ಆ ಗುಂಪಿನ ಜೀವವೇ ಹೋಗುತ್ತದೆ. ನನ್ನನ್ನು ಕ್ಷಮಿಸಿ, ಇದಕ್ಕೆ ನಾನು ಒಪ್ಪಲಾರೆ.

ತೆಸಿಯೆ

*

ಪ್ಯಾರಿಸ್, ೨೧ ಜನವರಿ ೧೮೮೭

ಮಾದ್ಮೊಜೆಲ್ ಸಿದೊನಿ,

ಮೊನ್ನೆಯ ಪತ್ರ ಅಂಚೆಗೆ ಹಾಕಿದ ಮೇಲೆ ಊಟ ಸೇರಲಿಲ್ಲ. ಕರಗಿಸಲು ಒಪ್ಪಿದವನು ಬದಲಿಸಲು ಒಪ್ಪಲಿಲ್ಲ, ಇದೆಂಥ ಜಂಬ ನೋಡಿ. ಎತ್ತು ಯಾರದ್ದು? ನಾನು ಕೆಲವು ದಿನ ನೋಡಿದವನು. ಅವರು ಜೊತೆಗೆ ಬಾಳಿದವರು.

ಹೇಗೆ ಮಾಡಬೇಕೆಂದು ಹೇಳುತ್ತೇನೆ. ಒಳ್ಳೆ ಕೈಯಿರುವ ಕಮ್ಮಾರನನ್ನು ಕರೆಸಿ. ಕಂಬಳಿ ಹಾಸಿ ಕಂಚನ್ನು ಅದರ ಮೇಲೆ ತಲೆಕೆಳಗು ಮಾಡಿ ಮಲಗಿಸಿ. ಕೊಂಬಿನ ಮೇಲೆ ಭಾರ ಬೀಳದಿರಲಿ. ಎರಡು ಎತ್ತುಗಳನ್ನೂ ಪೀಠವನ್ನೂ ಬೇರೆಬೇರೆ ಎರಕ ಹೊಯ್ದು ಆಮೇಲೆ ಜೋಡಿಸಿದ್ದು. ಒಂದೊಂದು ಗೊರಸಿನ ಅಡಿಯಲ್ಲೂ ತಿರುಪುಮೊಳೆ ಇದೆ. ಅದರ ಮೇಲೆ ಮೇಣ ಮೆತ್ತಿದ್ದೇವೆ, ಕೆರೆದರೆ ಕಾಣುತ್ತದೆ. ಬಿಚ್ಚಿ, ಎತ್ತುಗಳನ್ನು ಬದಲಿಸಿ ನಿಲ್ಲಿಸಿ. ಹಳೆಯ ತೂತಿಗೆ ಗೊರಸು ಕೂರುವುದಿಲ್ಲ, ಹೊಸದು ಕೊರೆಯಬೇಕು. ಹಳೆಯ ತೂತು ಕಾಣುತ್ತದೆ, ಕಾಣಲಿ.

ಕುದುರೆಗೆ ಲಾಳ ಹೊಡೆಯುವವನು ನನ್ನ ಕೆಲಸಕ್ಕೆ ತೂತು ಕೊರೆಯುವುದನ್ನು ನೋಡುವ ಶಕ್ತಿ ನನಗಿಲ್ಲ. ಆದ್ದರಿಂದ ನಾನು ಬರುವುದಿಲ್ಲ. ಆದರೆ ತಂದೆಯವರು ಏನು ಮಾಡಿದರೆಂದು ಕೂಡಲೇ ಬರೆಯಿರಿ.

ತೆಸಿಯೆ

*

ಲೆ ಫುಜೆರ್, ೬ ಫೆಬ್ರವರಿ ೧೮೮೭

ಪ್ರಿಯ ತೆಸಿಯೆ ಅವರಿಗೆ,

ಆಯಿತು. ಕಮ್ಮಾರ ತೊಯ್ನೋ ಬಂದಿದ್ದ. ಅವನೂ ನಾನೂ ಚಿಕ್ಕವರಿದ್ದಾಗ ಜೊತೆಯಲ್ಲಿ ಹಂದಿ ಕಾಯುತ್ತಿದ್ದೆವು. ಬಟ್ಟೆ ಸರಿಸಿದ ಕೂಡಲೇ, "ಯಾವ ಮುಟ್ಠಾಳ ಇವನ್ನ ಹಿಂಗೆ ನಿಲ್ಲಿಸಿದ್ದು?" ಎಂದ.

"ಪ್ಯಾರಿಸಿನ ದೊಡ್ಡ ಶಿಲ್ಪಿ ಕಣೋ," ಎಂದೆ.

"ಕೈ ದೊಡ್ಡದೇ, ಒಪ್ಕೋತೀನಿ. ಪಕ್ಕೆ ನೋಡು, ಉಸಿರಾಡ್ತಾ ಇದೆ. ಮಾಡೋವಾಗ ಒಂದು ಮಾತು ಕೇಳಬಾರದಿತ್ತಾ?"

ನಿಮ್ಮ ಮಾತನ್ನು ಅವನಿಗೆ ಹೇಳಿದೆ, ಬದಲಿಸಿದರೆ ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಕಾಣುತ್ತವಂತೆ ಎಂದು. ಅವನು ತೂತು ಕೊರೆಯುತ್ತಲೇ ನಕ್ಕ. "ಜಗಳ ಎಲ್ಲಿಂದ ಬಂತು? ಎಡದೆತ್ತಿಗೆ ಬಲಗಡೆ ಯಾವಾಗಲೂ ಜೊತೆಯವನು ಇರ್ತಾನೆ. ಒಳಗಡೆಯಿಂದ ಕತ್ತು ತಿರುಗಿಸೋಕೆ ಜಾಗ ಎಲ್ಲಿ? ಹಿಂದೆ ಬರೋನ್ನ ನೋಡಬೇಕು ಅಂದ್ರೆ ಹೊರಗಡೆಯಿಂದಲೇ ತಿರುಗಬೇಕು. ಇವೆರಡೂ ಹಿಂದಕ್ಕೆ ನೋಡ್ತಾ ಇವೆ, ಅಷ್ಟೆ."

ಎತ್ತಿ ನಿಲ್ಲಿಸಿದ ಮೇಲೆ ನಾನು ಹಿಂದೆ ಹೋಗಿ ನಿಂತು ನೋಡಿದೆ. ಅವನು ಹೇಳಿದ್ದು ನಿಜ. ಒಂದು ಎಡದಿಂದ, ಒಂದು ಬಲದಿಂದ, ಎರಡೂ ನನ್ನನ್ನೇ ನೋಡುತ್ತಿದ್ದವು.

ಅಪ್ಪನ ಮುಂದೆ ಇಟ್ಟೆವು, ಹಿಂಭಾಗ ಅವರ ಕಡೆಗೆ ಬರುವಂತೆ. ಅವರು ಫ್ರೀಜೆಯ ಗುಂಗುರು ಕೂದಲಲ್ಲಿ ಬೆರಳಾಡಿಸಿದರು. ಮಾರ್ಜೊಲೆಯ ಬಾಲದ ಬುಡ ಕೆರೆದರು. ತೊಯ್ನೋನ ತೋಳು ಹಿಡಿದು ಅಲ್ಲಾಡಿಸಿದರು. ಅವನು, "ತಾತ, ಇನ್ನು ಗದ್ದಲ ಮಾಡಬೇಡ, ನಿನ್ನೆತ್ತು ನಿನ್ನ ಕಡೆಗೇ ಇವೆ" ಎಂದ. ಅವತ್ತು ಅಪ್ಪ ಎರಡು ಬಟ್ಟಲು ಸೂಪು ಕುಡಿದರು. ಮೆಟ್ಟುಗಳ ಗೊಡವೆಗೆ ಮತ್ತೆ ಹೋಗಿಲ್ಲ.

ಸಂತೋಷಪಡಬೇಕು, ಪಟ್ಟೆ. ಆದರೆ ಊಟವಾದ ಮೇಲೆ ನಾನು ಕುರ್ಚಿ ಎಳೆದು ಪಕ್ಕದಲ್ಲಿ ಕೂತು ಕೈ ಹಿಡಿದೆ. ಅವರು ಮತ್ತೆ ಗೋಡೆಗೆ ತಿರುಗಿದರು. ಎತ್ತುಗಳ ಜಗಳ ಮುಗಿಯಿತು, ನನ್ನದು ಮುಗಿದಿಲ್ಲ.

ಸಿದೊನಿ

*

ಪ್ಯಾರಿಸ್, ೧೨ ಫೆಬ್ರವರಿ ೧೮೮೭

ಪ್ರಿಯ ಸಿದೊನಿ,

ನಿಮ್ಮ ಕಮ್ಮಾರನ ಮಾತು ಓದಿ ಎದ್ದು ಹೋಗಿ ನನ್ನ ಗಾರೆಯ ಪ್ರತಿಯನ್ನು ಕೊಯ್ದೆ. ಬದಲಿಸಿ ನಿಲ್ಲಿಸಿದೆ. ಈಗ ನೆನಪಾಗುತ್ತದೆ. ನಾನು ಮಣ್ಣು ಮೆತ್ತುತ್ತಿದ್ದಾಗ ನಿಮ್ಮ ತಂದೆ ಎತ್ತಿನ ಹಿಂದೆ ನಿಂತು ಕೆಮ್ಮುತ್ತಿದ್ದರು. ಕೆಮ್ಮಿದಾಗಲೆಲ್ಲ ಎತ್ತು ಕತ್ತು ತಿರುಗಿಸುತ್ತಿತ್ತು. ತಿರುಗಿದ ಕತ್ತನ್ನು ಮಾಡಿದೆ, ಯಾಕೆ ತಿರುಗಿತು ಎಂದು ಯೋಚಿಸಲಿಲ್ಲ. ಪ್ಯಾರಿಸಿಗೆ ಬಂದು ಅವು ಒಂದನ್ನೊಂದು ಪ್ರೀತಿಸುವಂತೆ ಮಾಡಿದೆ. ಅವು ಪ್ರೀತಿಸುತ್ತಿದ್ದ ಮನುಷ್ಯನಿಗೆ ಅಲ್ಲಿ ಜಾಗವೇ ಇರಲಿಲ್ಲ. ಎರಕದ ಮನೆಯ ಯಜಮಾನ ಹೀಗಿದ್ದರೆ ಯಾರೂ ಕೊಳ್ಳುವುದಿಲ್ಲ ಎಂದ. ಕೊಳ್ಳದಿರಲಿ ಎಂದೆ.

ನನಗೆ ಗೊತ್ತಾಗದ್ದನ್ನು ನಾನು ಕೇಳಲಿಲ್ಲ, ಅದರಿಂದ ಇಷ್ಟೆಲ್ಲ ಆಯಿತು. ನೀವು ಹಾಗೆ ಮಾಡಬೇಡಿ. ಮಾತು ಬಾರದಿದ್ದರೂ ಅವರು ಹೇಳಬಲ್ಲರು ಎಂಬುದು ಈಗ ನಮಗಿಬ್ಬರಿಗೂ ಗೊತ್ತಿದೆ. ಫ್ರೀಜೆಯ ವಿಷಯವನ್ನು ಬಾಯಿಬಿಟ್ಟು ಕೇಳಿಬಿಡಿ.

ಅನ್ಸೆಲ್ಮ್ ತೆಸಿಯೆ

*

ಲೆ ಫುಜೆರ್, ೨೭ ಫೆಬ್ರವರಿ ೧೮೮೭

ಪ್ರಿಯ ತೆಸಿಯೆ ಅವರಿಗೆ,

ಕೇಳಿದೆ. ಇವತ್ತು ಭಾನುವಾರ, ಚರ್ಚಿನಿಂದ ಬಂದವಳು ಟೋಪಿಯನ್ನೂ ತೆಗೆಯದೆ ಯಾವಾಗಲೂ ಕೂರುವ ಕುರ್ಚಿಯಲ್ಲಿ ಕೂತು, ಅವರ ಕೈ ಹಿಡಿದು ಕೇಳಿದೆ. "ಅಪ್ಪಾ, ಫ್ರೀಜೆನ ಕಟುಕನಿಗೆ ಕೊಟ್ಟೋಳು ನಾನು. ನಿನ್ನ ಒಂದು ಮಾತು ಕೇಳಲಿಲ್ಲ. ನನ್ನ ಮೇಲೆ ಕೋಪಾನಾ?"

ಅವರು ಗೋಡೆ ನೋಡುತ್ತಿದ್ದರು. ತಿರುಗಲಿಲ್ಲ. ನಾನು ದನಿ ಏರಿಸಿ ಮತ್ತೆ ಕೇಳಿದೆ. ಅಪ್ಪ ಬೆಚ್ಚಿಬಿದ್ದರು. ತಲೆ ಎತ್ತಿ ಸುತ್ತ ನೋಡಿದರು, ಎಲ್ಲಿಂದಲೋ ಬಂದ ದನಿಯನ್ನು ಹುಡುಕುವವರ ಹಾಗೆ. ಕಣ್ಣು ನನ್ನ ಹತ್ತಿರದವರೆಗೂ ಬಂತು, ಬಂದು ಹಿಂದಕ್ಕೆ ಹೋಯಿತು. ನನ್ನ ಮೇಲೆ ನಿಲ್ಲಲಿಲ್ಲ.

ನನಗೆ ಭಯವಾಯಿತು. ಎದ್ದು ಹಾಸಿಗೆಯ ಕಾಲ ಕಡೆ ಹೋದೆ. ಅಲ್ಲಿಗೆ ಬಂದಾಗ ಅವರ ಕಣ್ಣು ನನ್ನನ್ನು ಹಿಡಿಯಿತು, ಹೊರಗಿಂದ ಈಗಷ್ಟೇ ಬಂದವಳನ್ನು ನೋಡುವ ಹಾಗೆ ಹಿಡಿಯಿತು. ಮತ್ತೆ ಅವರ ಬಲಕ್ಕೆ ಸರಿದೆ. ಕಳೆದುಹೋದೆ. ಎಡಕ್ಕೆ ಸರಿದೆ. ಸಿಕ್ಕಿದೆ.

ವೈದ್ಯರು ಬಲಗೈ ಬಲಗಾಲು ಸತ್ತಿದೆ ಎಂದಿದ್ದರೇ ಹೊರತು ಬಲಗಡೆಯ ಲೋಕವೇ ಅವರಿಗೆ ಇಲ್ಲವಾಗಿದೆ ಎಂದು ಹೇಳಿರಲಿಲ್ಲ. ಮಂಚದ ಎಡಕ್ಕೆ ಗೋಡೆ, ಬಲಕ್ಕೆ ನನ್ನ ಕುರ್ಚಿ. ಒಂದು ವರ್ಷದಿಂದ ನಾನು ಕೂತಿದ್ದು ಅವರಿಗೆ ಕಾಣದ ಕಡೆ, ಹಿಡಿದಿದ್ದು ಏನೂ ತಿಳಿಯದ ಕೈಯನ್ನು. ಮನೆಯಲ್ಲಿ ಓಡಾಡಿ ಕೆಲಸ ಮಾಡುವಾಗ ನಾನು ಅವರಿಗೆ ಇರುತ್ತಿದ್ದೆ. ಪ್ರೀತಿಯಿಂದ ಪಕ್ಕದಲ್ಲಿ ಬಂದು ಕೂತ ಕೂಡಲೇ ಇಲ್ಲವಾಗುತ್ತಿದ್ದೆ. ಕಾಣುವ ಕಡೆ ಅವರಿಗೆ ಉಳಿದದ್ದು ಗೋಡೆಯೊಂದೇ, ಅದನ್ನೇ ನೋಡುತ್ತಿದ್ದರು. ಮೊದಲ ದಿನದಿಂದಲೂ ಹಾಗೇ ಇದ್ದಿರಬೇಕು, ಫ್ರೀಜೆ ಹೋದ ಮೇಲೆ ಅದು ಕೋಪವೆಂದು ನಾನು ಎಣಿಸತೊಡಗಿದ್ದೆ.

ಚರ್ಚಿನಿಂದ ನನ್ನ ಜೊತೆ ಬಂದು ಅಂಗಳದಲ್ಲಿ ನಿಂತಿದ್ದ ತೊಯ್ನೋನನ್ನು ಕೂಗಿ ಕರೆದೆ. ಇಬ್ಬರೂ ಸೇರಿ ಮಂಚವನ್ನು ಗೋಡೆಯಿಂದ ಈಚೆಗೆ ಎಳೆದೆವು. ಅವನು, "ಮಂಚ ಯಾಕೆ ಸರಿಸ್ತಿ, ಹುಚ್ಚು ಹಿಡಿದಿದೆಯಾ?" ಎಂದು ಗೊಣಗಿದ. ಆ ಸಂದಿಯಲ್ಲಿ ನಾನು ಕುರ್ಚಿ ತೂರಿಸಿ ಕೂತೆ. ಅಪ್ಪ ನನ್ನನ್ನು ನೋಡಿದರು. ಹತ್ತಿರದಿಂದ, ಪೂರ್ತಿ ನೋಡಿದರು. ನಾನು ಮತ್ತೆ ಕೇಳಿದೆ, "ಅಪ್ಪಾ, ಫ್ರೀಜೆನ ನಾನೇ ಕೊಟ್ಟಿದ್ದು. ಕೋಪಾನಾ?"

ಅವರು ಒಳ್ಳೆಯ ಕೈ ಎತ್ತಿ ನನ್ನ ಕಿವಿ ಹಿಂಡಿದರು. ನಲವತ್ತೆರಡು ವರ್ಷದವಳ ಕಿವಿ. ಕಣ್ಣಲ್ಲಿ ನೀರು ಬರುವ ಹಾಗೆ ಹಿಂಡಿದರು, ಚಿಕ್ಕಂದಿನಲ್ಲಿ ಹಾಲಿನ ಕೊಡ ಚೆಲ್ಲಿದರೆ ಹಿಂಡುತ್ತಿದ್ದ ಹಾಗೆಯೇ. ಆಮೇಲೆ ಅದೇ ಕೈಯಿಂದ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು. ಟೋಪಿ ಜಜ್ಜಿಹೋಯಿತು. ತೊಯ್ನೋ ಹೊರಗೆ ಹೋಗಿ ಕುದುರೆ ನೋಡುತ್ತೇನೆ ಎಂದ, ಅವನು ನಡೆದೇ ಬಂದಿದ್ದ.

ಈ ಪತ್ರವನ್ನು ಅಪ್ಪನ ಎಡಗಡೆ ಕೂತು ಬರೆಯುತ್ತಿದ್ದೇನೆ. ಕಿವಿ ಇನ್ನೂ ಉರಿಯುತ್ತಿದೆ.

ಸಿದೊನಿ